ಹೆಸರು ತೊಳೆದುಕೊಳ್ಳುವ ಕೋಣೆ

ಸ್ಪ್ಯಾನಿಷ್ ಕಲಿಯಲು ಕೂತವರಿಗೆ ಮೊದಲ ವಾರದಲ್ಲೇ ಬಾಯಿಪಾಠವಾಗುವ ವಾಕ್ಯವೊಂದಿದೆ: 'ದೋಂದೆ ಎಸ್ತಾ ಎಲ್ ಬಾನ್ಯೊ?' ಸ್ನಾನದ ಮನೆ ಎಲ್ಲಿದೆ ಎಂದು ಅರ್ಥ. ಕೇಳುವವರಿಗೆ ಸ್ನಾನದ ಯೋಚನೆ ಇರುವುದಿಲ್ಲ. ದಾರಿ ತೋರಿಸುವವರಿಗೂ ಅದು ಗೊತ್ತಿರುತ್ತದೆ. ನಾನೂ ಈ ವಾಕ್ಯದಿಂದಲೇ ಆ ಭಾಷೆಯೊಳಗೆ ಕಾಲಿಟ್ಟವನು. ಆಮೇಲೆ ಕತೆ, ಕಾದಂಬರಿ, ಹಳೆಯ ನಿಘಂಟು ಎಂದು ಓದುತ್ತಾ ಹೋದಂತೆ ಇದೇ ಕೋಣೆ ಬೇರೆ ಬೇರೆ ಹೆಸರು ಹೊತ್ತು ಎದುರಾಗತೊಡಗಿತು. ಸ್ಪೇನಿನ ಹೋಟೆಲುಗಳ ಬಾಗಿಲ ಮೇಲೆ 'ಸೆರ್ವಿಸಿಯೊಸ್' ಅಥವಾ 'ಆಸೆಯೊಸ್'. ಅಲ್ಲಿನ ಮನೆಮಾತಿನಲ್ಲಿ 'ಬಾತೆರ್', 'ರೆತ್ರೆತೆ', 'ಲಾವಾಬೊ'. ಮೆಕ್ಸಿಕೊದಲ್ಲಿ 'ಸಾನಿತಾರಿಯೊಸ್', ಹಳಬರ ಬಾಯಲ್ಲಿ 'ಎಸ್ಕುಸಾದೊ'. ಅರ್ಜೆಂಟೀನಾದಲ್ಲಿ 'ಇನೊದೊರೊ', ವೆನೆಜುವೆಲಾದಲ್ಲಿ 'ಪೊಸೆತಾ'. ಸಿಕ್ಕ ಸಿಕ್ಕ ಪದಗಳನ್ನೆಲ್ಲ ಒಂದು ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಬರೆದಿಡುತ್ತಾ ಹೋದೆ.

ಪಟ್ಟಿ ಉದ್ದವಾದ ಮೇಲೆ ಒಂದು ಸಂಗತಿ ಕಣ್ಣಿಗೆ ಬಿತ್ತು. ಇಷ್ಟು ಪದಗಳಲ್ಲಿ ಒಂದೂ ಆ ಕೋಣೆಯಲ್ಲಿ ನಡೆಯುವ ಕೆಲಸದ ಹೆಸರು ಹೇಳುವುದಿಲ್ಲ. ಒಂದು ಸ್ನಾನ ಎನ್ನುತ್ತದೆ, ಇನ್ನೊಂದು ಸೇವೆ ಎನ್ನುತ್ತದೆ. ಮತ್ತೊಂದು ಅಚ್ಚುಕಟ್ಟು, ಇನ್ನೊಂದು ಆರೋಗ್ಯ. ಒಂದಕ್ಕೆ ಮರೆಯಾದದ್ದು ಎಂದು ಅರ್ಥ, ಮತ್ತೊಂದಕ್ಕೆ ವಾಸನೆ ಇಲ್ಲದ್ದು ಎಂದು. ನಾಚಿಕೆಯಿಂದ ಬೇರೆ ಹೆಸರು ಹೇಳುವುದು ಎಲ್ಲ ಭಾಷೆಗಳಲ್ಲೂ ಇದ್ದದ್ದೇ. ಆದರೆ ಪ್ರತಿ ಪದವೂ ಯಾವ ಕಾಲದಲ್ಲಿ ಬಂತು, ಎಲ್ಲಿಂದ ಬಂತು, ಯಾರ ಅನುಕೂಲಕ್ಕೆ ಬಂತು ಎಂದು ಹುಡುಕಿದರೆ ಸ್ಪೇನಿನ ಚರಿತ್ರೆಯ ದೊಡ್ಡ ಭಾಗವೇ ಈ ಚಿಕ್ಕ ಕೋಣೆಯೊಳಗೆ ಸಿಗುತ್ತದೆ.

ತೊಳೆಯುವ ಪದಗಳಿಂದ ಶುರುಮಾಡೋಣ. 'ಬಾನ್ಯೊ' ಲ್ಯಾಟಿನ್ನಿನ 'ಬಾಲ್ನೆಯುಮ್'ನಿಂದ ಬಂದದ್ದು. ರೋಮನ್ನರ ಸಾರ್ವಜನಿಕ ಸ್ನಾನಗೃಹಕ್ಕಿದ್ದ ಹೆಸರು ಅದು. ಸೈನಿಕರ ಶಿಬಿರ, ಜೈಲುಗಳ ಬಗ್ಗೆ ಬರೆಯುವಾಗ ಬಳಸುವ 'ಲೆತ್ರೀನಾ' ಇಂದು ತೀರಾ ಒರಟು ಪದ. ಅದರ ಮೂಲವೂ ತೊಳೆಯುವುದೇ: ಲ್ಯಾಟಿನ್ನಿನ 'ಲಾತ್ರೀನಾ' ಎಂಬುದು 'ಲವಾತ್ರೀನಾ'ದ ಸವೆದ ರೂಪ, ತೊಳೆಯುವ ಜಾಗ ಎಂದು ಅರ್ಥ. 'ಲಾವಾಬೊ'ದ ಕತೆ ಇನ್ನೂ ವಿಚಿತ್ರ. ಅದು ನಾಮಪದವೇ ಅಲ್ಲ, ಲ್ಯಾಟಿನ್ ಕ್ರಿಯಾಪದ. 'ತೊಳೆಯುವೆನು' ಎಂದು ಅರ್ಥ. ಕ್ಯಾಥೊಲಿಕ್ ಪೂಜೆಯಲ್ಲಿ ಪಾದ್ರಿ ಕೈ ತೊಳೆಯುವಾಗ ಹೇಳುತ್ತಿದ್ದ ಕೀರ್ತನೆಯ ಸಾಲು ಈ ಪದದಿಂದ ಆರಂಭವಾಗುತ್ತಿತ್ತು. ಮೊದಲು ಆ ವಿಧಿಗೆ ಈ ಹೆಸರು ಬಂತು. ಬಳಿಕ ಕೈತೊಳೆಯುವ ಬೋಗುಣಿಗೆ, ಅಲ್ಲಿಂದ ಮನೆಯ ಸಿಂಕಿಗೆ, ಕೊನೆಗೆ ಸಿಂಕು ಇರುವ ಕೋಣೆಗೇ ಅಂಟಿತು. ಇವತ್ತು ಬಾರ್ಸೆಲೋನಾದ ಕೆಫೆಯಲ್ಲಿ ಲಾವಾಬೊ ಎಲ್ಲಿದೆ ಎಂದು ಕೇಳುವವರ ತಲೆಯಲ್ಲಿ ಪೂಜಾವೇದಿಕೆ ಇರುವುದಿಲ್ಲ. ಪದ ಮಾತ್ರ ಅಲ್ಲಿಂದಲೇ ನಡೆದು ಬಂದಿದೆ.

ಇನ್ನು ಮರೆಯ ಪದಗಳು. ಈಗ ಬಳಕೆಯಿಲ್ಲದ ಮೂರು ಹೆಸರುಗಳು ಹಳೆಯ ಸ್ಪ್ಯಾನಿಷ್ ನಿಘಂಟುಗಳಲ್ಲಿ ಸಿಗುತ್ತವೆ: 'ಪ್ರಿವಾದಾ', 'ಸೆಕ್ರೆತಾ', 'ನೆಸೆಸಾರಿಯಾ'. ಖಾಸಗಿಯಾದದ್ದು, ಗುಟ್ಟಿನದು, ಅಗತ್ಯವಾದದ್ದು. ಈ ಗುಂಪಿಗೇ ಸೇರಿದ 'ರೆತ್ರೆತೆ' ಮಾತ್ರ ಇಂದಿಗೂ ಉಳಿದಿದೆ. ಹಿಂದೆ ಸರಿಯುವುದು, ಒಳಗೆ ಹೋಗಿ ಕೂರುವುದು ಎಂಬ ಅರ್ಥದ ಪದ ಅದು. 1611ರಲ್ಲಿ ಸೆಬಾಸ್ತಿಯಾನ್ ದೆ ಕೊವಾರ್ರುಬಿಯಾಸ್ ಪ್ರಕಟಿಸಿದ ಪ್ರಸಿದ್ಧ ನಿಘಂಟಿನಲ್ಲಿ ರೆತ್ರೆತೆ ಎಂದರೆ ಮನೆಯ ತೀರಾ ಒಳಗಿನ, ಜನರ ಓಡಾಟದಿಂದ ದೂರವಿರುವ ಚಿಕ್ಕ ಕೋಣೆ. ಆ ಕಾಲದ ಬರಹಗಳಲ್ಲಿ ರಾಜನಾಗಲಿ ಸಿರಿವಂತ ಮನೆಯ ಹೆಣ್ಣುಮಗಳಾಗಲಿ ರೆತ್ರೆತೆಗೆ ಹೋದರು ಎಂದಿದ್ದರೆ ಇಂದಿನ ಓದುಗ ನಗಬಾರದು. ಅವರು ಏಕಾಂತಕ್ಕೆ, ಪ್ರಾರ್ಥನೆಗೆ, ಪತ್ರ ಓದಲಿಕ್ಕೆ ಹೋದರು ಎಂದಷ್ಟೇ ಅರ್ಥ.

ಇಲ್ಲಿ ಸ್ವಲ್ಪ ನಿಲ್ಲಬೇಕೆನಿಸುತ್ತದೆ. ಏಕಾಂತ ಎಂಬುದು ಆಗ ದುಬಾರಿ ವಸ್ತು. ಇಡೀ ಸಂಸಾರ ಒಂದೇ ಕೋಣೆಯಲ್ಲಿ ಉಂಡು, ಮಲಗಿ, ಹೆತ್ತು, ಸಾಯುತ್ತಿದ್ದ ದಿನಗಳಲ್ಲಿ ಒಳಗೊಂದು ಪ್ರತ್ಯೇಕ ಕೋಣೆ ಇರುವುದೇ ಹೆಚ್ಚುಗಾರಿಕೆ. ಕಾಲಾಂತರದಲ್ಲಿ ಆ ಹೆಚ್ಚುಗಾರಿಕೆಯ ಹೆಸರನ್ನು ಮಲವಿಸರ್ಜನೆಯ ಜಾಗಕ್ಕೆ ಇಟ್ಟರು. ಗೌರವದ ಪದ ಕೊಟ್ಟರೆ ಜಾಗಕ್ಕೆ ಗೌರವ ಬಂದೀತು ಎಂಬ ಲೆಕ್ಕವಿರಬೇಕು. ಆದದ್ದು ತಿರುಗುಮುರುಗು. ಜಾಗದ ವಾಸನೆ ಪದಕ್ಕೆ ಹತ್ತಿತು. ಇವತ್ತು ರೆತ್ರೆತೆ ಎಂದರೆ ಅದೊಂದೇ ಅರ್ಥ, ಸಭ್ಯರ ಎದುರು ಆಡಲು ಹಿಂಜರಿಯುವ ಪದ. 'ಎಸ್ಕುಸಾದೊ'ದ ಪಾಡೂ ಇದೇ. ಎಲ್ಲರ ಬಳಕೆಯಿಂದ ಬೇರ್ಪಡಿಸಿ ಇಟ್ಟದ್ದು ಎಂಬ ಮೂಲಾರ್ಥ ಈಗ ನಿಘಂಟಿನೊಳಗೆ ಮಾತ್ರ ಬದುಕಿದೆ.

ಮರೆಮಾತಿನ ಬಗ್ಗೆ ನನಗೆ ಅತ್ಯಂತ ಇಷ್ಟವಾದ ಪ್ರಸಂಗ ಇರುವುದು 1605ರಲ್ಲಿ ಪ್ರಕಟವಾದ ಸರ್ವಾಂತೆಸ್‌ನ 'ದೊನ್ ಕಿಹೋತೆ' ಮೊದಲ ಭಾಗದ ಕೊನೆಯ ಅಧ್ಯಾಯಗಳಲ್ಲಿ. ಊರಿನ ಪಾದ್ರಿ ಮತ್ತು ಕ್ಷೌರಿಕ ಸೇರಿ ದೊನ್ ಕಿಹೋತೆಯನ್ನು ಮರದ ಪಂಜರದಲ್ಲಿ ಕೂಡಿಹಾಕಿ, ಎತ್ತಿನ ಗಾಡಿಯ ಮೇಲೆ ಮನೆಗೆ ಸಾಗಿಸುತ್ತಿದ್ದಾರೆ. ತನಗೆ ಯಾರೋ ಮಾಟ ಮಾಡಿದ್ದಾರೆ ಎಂದು ಅವನು ನಂಬಿ ಸುಮ್ಮನೆ ಕೂತಿದ್ದಾನೆ. ಸಾಂಚೊ ಪಾಂಸಾ ಪಂಜರದ ಹತ್ತಿರ ಬಂದು, ತುಂಬ ಮರ್ಯಾದೆಯಿಂದ, ದಣಿಗಳಿಗೆ ಸಣ್ಣ ನೀರಿಗೋ ದೊಡ್ಡ ನೀರಿಗೋ ಹೋಗಬೇಕೆನಿಸಿದೆಯೇ ಎಂದು ವಿಚಾರಿಸುತ್ತಾನೆ. 'ಆಗ್ವಾಸ್ ಮೆನೋರೆಸ್', 'ಆಗ್ವಾಸ್ ಮಯೋರೆಸ್' ಎಂಬುದು ಆಗಿನ ಬಳಕೆಯ ನುಡಿ. ಸಾವಿರ ಪುಸ್ತಕ ಓದಿದ ದಣಿಗೆ ಇದು ಅರ್ಥವಾಗುವುದಿಲ್ಲ! ಶಾಲೆಯ ಹುಡುಗರಿಗೂ ಗೊತ್ತಿರುವ ಮಾತು ತಮಗೆ ಗೊತ್ತಿಲ್ಲವೇ ಎಂದು ಸಾಂಚೊಗೆ ಆಶ್ಚರ್ಯ.

ಕನ್ನಡದ ಓದುಗರಿಗೆ ಇಲ್ಲಿ ಅನುವಾದವೇ ಬೇಡ. 'ಸಾರ್, ಒಂದಕ್ಕೆ' ಎಂದು ಕಿರುಬೆರಳು ಎತ್ತಿ ನಿಂತವರು ನಾವೆಲ್ಲ. ಎರಡಕ್ಕೆ ಎಂದರೆ ಮೇಷ್ಟ್ರು ಕೂಡಲೇ ಬಿಡುತ್ತಿದ್ದರು. ದೊಡ್ಡವರ ಸಭ್ಯ ಭಾಷೆಯಲ್ಲಿ ನಮ್ಮಲ್ಲೂ ಅದಕ್ಕೆ ಹೆಸರು 'ಜಲಬಾಧೆ', ಅಂದರೆ ನೀರೇ. ಸ್ಪೇನಿನ ಹಳ್ಳಿಗನಿಗೂ ನಮಗೂ ಯಾವ ಕೊಡುಕೊಳೆ ಇಲ್ಲದೆ ಒಂದೇ ಉಪಾಯ ಹೊಳೆದಿದೆ.

ಆದರೆ ಸಾಂಚೊನ ಪ್ರಶ್ನೆ ಬರೀ ಹಾಸ್ಯಕ್ಕಲ್ಲ. ದಣಿ 'ಹೌದಪ್ಪಾ, ಎಷ್ಟೋ ಸಲ ಅನಿಸಿದೆ, ಈಗಲೂ ಅನಿಸುತ್ತಿದೆ' ಎಂಬರ್ಥದಲ್ಲಿ ಒಪ್ಪಿಕೊಂಡ ತಕ್ಷಣ ಸಾಂಚೊ ಸಿಕ್ಕಿಬಿದ್ದಿರಿ ಎನ್ನುತ್ತಾನೆ. ಮಾಟಕ್ಕೆ ಒಳಗಾದವರು ಉಣ್ಣುವುದಿಲ್ಲ, ಕುಡಿಯುವುದಿಲ್ಲ, ನಿದ್ದೆ ಮಾಡುವುದಿಲ್ಲ, ದೇಹಬಾಧೆ ತೀರಿಸುವುದಿಲ್ಲ. ನಿಮಗೆ ಬಾಧೆ ಇದೆ, ಆದ್ದರಿಂದ ನಿಮಗೆ ಮಾಟವಾಗಿಲ್ಲ ಎಂಬುದು ಅವನ ತರ್ಕ. ಕಾದಂಬರಿಯ ಉದ್ದಕ್ಕೂ ಯಾವ ವಾದವೂ ಮಾಡಲಾಗದ ಕೆಲಸವನ್ನು ಒಂದು ಕ್ಷಣ ದೇಹ ಮಾಡುತ್ತದೆ: ಇವನೂ ಒಬ್ಬ ಮನುಷ್ಯ ಎಂದು ತೋರಿಸುತ್ತದೆ. ದೊನ್ ಕಿಹೋತೆ ಮಣಿಯುವುದಿಲ್ಲ, ಅದು ಬೇರೆ ಮಾತು. ಪಂಜರದ ಬಾಗಿಲನ್ನಂತೂ ತೆರೆಯಬೇಕಾಗುತ್ತದೆ.

ಸರ್ವಾಂತೆಸ್ ಇದನ್ನು ಬರೆಯುವ ಹೊತ್ತಿಗೆ ಸ್ಪೇನಿನ ದಕ್ಷಿಣದಲ್ಲಿ ಸ್ನಾನವೇ ಅಪರಾಧವಾಗಿ ನಾಲ್ಕು ದಶಕ ಕಳೆಯುತ್ತಾ ಬಂದಿತ್ತು. ಹಿಂದೆ ಮುಸ್ಲಿಮರ ಆಳ್ವಿಕೆಯಲ್ಲಿದ್ದ ಊರುಗಳಲ್ಲಿ ಸಾರ್ವಜನಿಕ ಸ್ನಾನಗೃಹಗಳು ದಿನನಿತ್ಯದ ಬದುಕಿನ ಭಾಗ. ಗ್ರಾನಾಡಾದಲ್ಲಿ 11ನೇ ಶತಮಾನದ ಒಂದು ಸ್ನಾನಗೃಹ 'ಎಲ್ ಬಾನ್ಯುಯೆಲೊ', ಅಂದರೆ ಪುಟ್ಟ ಸ್ನಾನದ ಮನೆ, ಎಂಬ ಹೆಸರಿನಲ್ಲಿ ಇಂದಿಗೂ ನಿಂತಿದೆ. 1492ರಲ್ಲಿ ಗ್ರಾನಾಡಾ ಸೋತಿತು. ಅಲ್ಲಿನ ಮುಸ್ಲಿಮರನ್ನು ಮುಂದೆ ಮತಾಂತರಿಸಲಾಯಿತು. ಹಾಗೆ ಕ್ರೈಸ್ತರಾದವರನ್ನು ಮೊರಿಸ್ಕೊ ಎಂದು ಕರೆದರು. 1567ರಲ್ಲಿ ಎರಡನೆಯ ಫಿಲಿಪ್ ದೊರೆಯ ಆಜ್ಞೆ ಹೊರಟಿತು: ಅರಬ್ಬಿ ಮಾತು, ಅವರ ಉಡುಗೆ, ಅವರ ಸ್ನಾನಗೃಹ ಎಲ್ಲವೂ ನಿಷಿದ್ಧ. ಮೈ ತೊಳೆಯುವುದೇ ಗುಟ್ಟಾಗಿ ಹಳೆಯ ಧರ್ಮ ಪಾಲಿಸುವುದರ ಗುರುತೆಂಬ ಅನುಮಾನ.

ಆಗ ಫ್ರಾನ್ಸಿಸ್ಕೊ ನುನ್ಯೆಸ್ ಮುಲೇ ಎಂಬ ವಯಸ್ಸಾದ ಮೊರಿಸ್ಕೊ ಗಣ್ಯ ಗ್ರಾನಾಡಾದ ನ್ಯಾಯಮಂಡಳಿಯ ಅಧ್ಯಕ್ಷನಿಗೆ ಒಂದು ಮನವಿ ಸಲ್ಲಿಸಿದ. ಸ್ನಾನಗೃಹ ಇರುವುದು ಮೈಯ ಕೊಳೆ ತೆಗೆಯಲಿಕ್ಕೆ, ಮತಾಚರಣೆಗಲ್ಲ ಎಂಬುದು ಅದರಲ್ಲಿನ ಒಂದು ವಾದ. ಎಷ್ಟೊಂದು ಸರಳ ಮಾತು! ಆದರೂ ಅದನ್ನು ಬರವಣಿಗೆಯಲ್ಲಿ, ಸಾಕ್ಷಿ ಸಮೇತ ವಾದಿಸಬೇಕಾದ ಸ್ಥಿತಿ ಅವನದಾಗಿತ್ತು. ಮನವಿ ಫಲಿಸಲಿಲ್ಲ. 1568ರ ಕೊನೆಯಲ್ಲಿ ಆಲ್ಪುಹಾರ್ರಾಸ್ ಬೆಟ್ಟಗಳಲ್ಲಿ ದಂಗೆ ಎದ್ದಿತು, ರಕ್ತ ಹರಿಯಿತು. 1609ರಿಂದ 1614ರವರೆಗೆ ಮೊರಿಸ್ಕೊಗಳನ್ನು ದೇಶದಿಂದಲೇ ಹೊರಗಟ್ಟಿದರು.

ಜನ ಹೋದರೂ ಅವರ ಪದಗಳು ಹೋಗಲಿಲ್ಲ, ಅದೂ ಇದೇ ಕೋಣೆಯೊಳಗಿಂದ. ಗೋಡೆಗೆ ಹಚ್ಚುವ ಮೆರುಗಿನ ಬಿಲ್ಲೆ 'ಅಸುಲೇಹೊ' ಅರಬ್ಬಿ ಪದ. ಮುಖ ತೊಳೆಯುವ ಬೋಗುಣಿ 'ಹೊಫಾಯ್ನಾ' ಅರಬ್ಬಿ. ಕೊಳೆನೀರಿನ ಕಾಲುವೆ 'ಅಲ್ಬಾನ್ಯಾಲ್', ಅರಬ್ಬಿಯಲ್ಲಿ ನುಂಗುವಂಥದ್ದು ಎಂದರ್ಥ. ಊರಿನ ಒಳಚರಂಡಿಗೆ ಇಂದಿಗೂ ಸ್ಪ್ಯಾನಿಷ್‌ನಲ್ಲಿ ಇರುವ ಪದ 'ಅಲ್ಕಾಂತಾರೀಯಾ'. ಅರಬ್ಬಿಯ 'ಅಲ್-ಕಂತರಾ' ಎಂದರೆ ಸೇತುವೆ, ಅದಕ್ಕೆ ಸ್ಪ್ಯಾನಿಷ್ ಪ್ರತ್ಯಯ ಸೇರಿ ಪುಟ್ಟ ಸೇತುವೆ. ಕೋಣೆಯ ಹೆಸರು ಲ್ಯಾಟಿನ್, ಕೋಣೆಯ ಕೆಳಗೆ ಹರಿಯುವುದು ಅರಬ್ಬಿ. ಆ ಭಾಷೆಯನ್ನು ಆಡಬಾರದೆಂದು ಆಜ್ಞೆ ಮಾಡಿದವರ ವಂಶದವರೂ ಚರಂಡಿಯ ಬಗ್ಗೆ ಮಾತಾಡಬೇಕಾದಾಗ ಅದನ್ನೇ ಆಡಿದರು.

ಇದೇ ಸ್ಪ್ಯಾನಿಷರು ಅಟ್ಲಾಂಟಿಕ್ ದಾಟಿ ಹೋದಾಗ ಕಂಡದ್ದೂ ಗಮನಿಸುವಂತಿದೆ. 1519ರಲ್ಲಿ ಕೊರ್ತೆಸ್‌ನ ಜೊತೆ ಮೆಕ್ಸಿಕೊದ ತೆನೊಚ್ತಿತ್ಲಾನ್ ನಗರವನ್ನು ಹೊಕ್ಕ ಸೈನಿಕರಲ್ಲಿ ಬೆರ್ನಾಲ್ ದಿಯಾಸ್ ಒಬ್ಬ. ಮುಪ್ಪಿನಲ್ಲಿ ಬರೆದ ನೆನಪುಗಳಲ್ಲಿ ಅವನು ತ್ಲತೆಲೊಲ್ಕೊ ಸಂತೆಯ ವೈಭವವನ್ನು ಬಣ್ಣಿಸುತ್ತಾನೆ. ನಡುವೆ ಓದುಗರ ಕ್ಷಮೆ ಬೇಡುವ ಧಾಟಿಯಲ್ಲಿ ಇನ್ನೊಂದು ಮಾತು ಹೇಳುತ್ತಾನೆ. ಸಂತೆಯ ಬಳಿಯ ಕಾಲುವೆಗಳಲ್ಲಿ ದೋಣಿಗಟ್ಟಲೆ ಮನುಷ್ಯರ ಮಲ ಮಾರಾಟಕ್ಕೆ ನಿಂತಿತ್ತಂತೆ. ಚರ್ಮ ಹದಮಾಡುವಂಥ ಕೆಲಸಕ್ಕೆ ಅದು ಬೇಕಿತ್ತು. ದಾರಿಯುದ್ದಕ್ಕೂ ಜೊಂಡು, ಹುಲ್ಲು ಕಟ್ಟಿದ ಮರೆಗಳಿದ್ದವು. ಹೋಗುವವರಿಗೆ ಮರೆಯೂ ಆಯಿತು, ಏನೂ ಹಾಳಾಗಲಿಲ್ಲ. ಊರೂರು ಗೆದ್ದು ಬಂದ ಸೈನಿಕನಿಗೆ ಇದನ್ನು ಹೇಳಲು ಸಂಕೋಚ. ಆದರೆ ಆ ಊರಿನ ಬೀದಿಗಳು ಚೊಕ್ಕಟವಾಗಿದ್ದವು. ಮೆಕ್ಸಿಕೊದ ಸ್ಪ್ಯಾನಿಷ್‌ಗೆ ಅಲ್ಲಿನ ನಾವಾತ್ಲ್ ಭಾಷೆಯಿಂದ 'ತೆಮಸ್ಕಾಲ್' ಎಂಬ ಪದವೂ ಬಂತು. ಹಬೆಸ್ನಾನದ ಮನೆ ಎಂದರ್ಥ.

ಅತ್ತ ಗೆದ್ದವರ ರಾಜಧಾನಿಯ ಸ್ಥಿತಿ ಹೇಗಿತ್ತು? 1561ರಲ್ಲಿ ಎರಡನೆಯ ಫಿಲಿಪ್ ತನ್ನ ಆಸ್ಥಾನವನ್ನು ಮ್ಯಾಡ್ರಿಡ್‌ಗೆ ತಂದ ಮೇಲೆ ಊರು ಉಬ್ಬುತ್ತಾ ಹೋಯಿತು. ಚರಂಡಿ ಮಾತ್ರ ಬೆಳೆಯಲಿಲ್ಲ. ಮನೆಗಳಲ್ಲಿ ರಾತ್ರಿಪಾತ್ರೆ ತುಂಬಿದರೆ ಕಿಟಕಿಯಿಂದ ಬೀದಿಗೆ ಸುರಿಯುವುದೇ ರೂಢಿ. ಸುರಿಯುವ ಮುನ್ನ 'ಆಗ್ವಾ ವಾ!' ಎಂದು ಕೂಗಬೇಕು. 'ನೀರು ಬರ್ತಿದೆ!' ಎಂದರ್ಥ. ಅಲ್ಲೂ ಅದು ನೀರೇ, ನೋಡಿ. ಕೂಗು ನಿಂತು ಎಷ್ಟೋ ಕಾಲವಾದರೂ ಗಾದೆ ಉಳಿದಿದೆ. ಯಾರಾದರೂ ಮುನ್ಸೂಚನೆ ಕೊಡದೆ ಏನಾದರೂ ಮಾಡಿದರೆ 'ಆಗ್ವಾ ವಾ ಅಂತಲೂ ಹೇಳದೆ' ಮಾಡಿದ ಎನ್ನುತ್ತಾರೆ.

ಆ ಪಾತ್ರೆಗಿದ್ದ ಹೆಸರುಗಳಲ್ಲಿ ಎರಡನ್ನು ಓದಿದಾಗ ನಾನು ಪುಟ ಮಗುಚದೆ ಸ್ವಲ್ಪ ಹೊತ್ತು ಕೂತಿದ್ದೆ. ಒಂದು 'ಸೆರ್ವಿಸಿಯೊ', ಅಂದರೆ ಸೇವೆ. ಇನ್ನೊಂದು 'ಸೆರ್ವಿದೋರ್', ಅಂದರೆ ಸೇವಕ. ಪಾತ್ರೆಯನ್ನು ಹೊರುವ ಮನುಷ್ಯನಿಗೂ ಹೊರಿಸಿಕೊಳ್ಳುವ ಪಾತ್ರೆಗೂ ಒಂದೇ ಹೆಸರು. ಇವತ್ತು ಸ್ಪೇನಿನ ರೈಲು ನಿಲ್ದಾಣಗಳಲ್ಲಿ ಕಾಣುವ ಸೆರ್ವಿಸಿಯೊಸ್ ಎಂಬ ಸಭ್ಯ ಫಲಕವನ್ನು ನೋಡಿದರೆ ಆ ಹಳೆಯ ಅರ್ಥ ಯಾರಿಗೂ ನೆನಪಾಗುವುದಿಲ್ಲ. ನೆನಪಾಗದಿರಲಿ ಎಂದೇ ಸಭ್ಯ ಪದಗಳು ಇರುವುದು.

1759ರಲ್ಲಿ ನೇಪಲ್ಸ್‌ನಿಂದ ಬಂದು ಪಟ್ಟವೇರಿದ ಮೂರನೆಯ ಕಾರ್ಲೊಸ್‌ಗೆ ಮ್ಯಾಡ್ರಿಡ್‌ನ ಗಬ್ಬು ಸಹಿಸಲಾಗಲಿಲ್ಲ. ಅವನ ವಾಸ್ತುಶಿಲ್ಪಿ ಫ್ರಾನ್ಸೆಸ್ಕೊ ಸಬಾತಿನಿ ಯೋಜನೆ ಹಾಕಿದ. 1761ರಲ್ಲಿ ಕಟ್ಟಳೆಗಳು ಬಂದವು: ಮನೆಯ ಮಾಲೀಕರು ತಮ್ಮ ಮುಂದಿನ ಬೀದಿಗೆ ಕಲ್ಲು ಹಾಸಬೇಕು, ಕೊಳೆನೀರಿಗೆ ಕೊಳವೆ ಇಳಿಸಬೇಕು, ಗುಂಡಿ ತೋಡಿಸಬೇಕು, ಕಿಟಕಿಯಿಂದ ಎಸೆಯುವಂತಿಲ್ಲ. ಜನ ಗೊಣಗಿದರು. ಖರ್ಚು ಯಾರಪ್ಪನದು? ಮುಖ ತೊಳೆಸುವಾಗ ಅಳುವ ಮಕ್ಕಳ ಹಾಗೆ ನನ್ನ ಪ್ರಜೆಗಳು ಎಂದು ದೊರೆ ಹೇಳಿದನೆಂಬ ಮಾತು ಇಂದಿಗೂ ಚಾಲ್ತಿಯಲ್ಲಿದೆ. ಗುಂಡಿಗಳ ಮಲವನ್ನು ಸಾಗಿಸುವ ಗಾಡಿಗಳು ರಾತ್ರಿ ಬೀದಿಗಿಳಿದಾಗ ಮ್ಯಾಡ್ರಿಡ್‌ನ ಜನ ಅವುಗಳಿಗೆ ಇಟ್ಟ ಅಡ್ಡಹೆಸರು 'ಸಬಾತಿನಿಯ ಚಾಕೊಲೇಟ್ ಪಾತ್ರೆಗಳು'. ಆಗ ಚಾಕೊಲೇಟು ಅಂದರೆ ಕುಡಿಯುವ ಬಿಸಿ ಪಾನೀಯ, ಊರಿಗೆಲ್ಲ ಅದರ ಹುಚ್ಚು. ಹೋಲಿಕೆಯನ್ನು ನಾನು ಬಿಡಿಸಿ ಹೇಳಬೇಕಿಲ್ಲ.

ಮನೆಮನೆಗೆ ಸಾಕಷ್ಟು ನೀರು ಹರಿಯದೆ ಇದ್ಯಾವುದೂ ಪೂರ್ಣವಾಗುವಂತಿರಲಿಲ್ಲ. ಅಸ್ತೂರಿಯಾಸ್, ಗಲೀಸಿಯಾ ಕಡೆಯಿಂದ ವಲಸೆ ಬಂದ ಬಡವರು ಕಾರಂಜಿಗಳಿಂದ ನೀರು ಹೊತ್ತು ಮನೆಗಳಿಗೆ ಹಾಕುತ್ತಿದ್ದರು. ಲೊಸೊಯಾ ನದಿಯ ನೀರು ಇಸಬೆಲ್ ರಾಣಿಯ ಹೆಸರಿನ ಕಾಲುವೆಯಲ್ಲಿ ಮ್ಯಾಡ್ರಿಡ್ ಮುಟ್ಟಿದ್ದು 1858ರಲ್ಲಿ. ಆ ಕಾಮಗಾರಿಯಲ್ಲಿ ದೊಡ್ಡ ಸಂಖ್ಯೆಯಲ್ಲಿ ದುಡಿದವರು ಕೈದಿಗಳು.

ಇದೇ ಶತಮಾನದ ಪದ 'ಇನೊದೊರೊ'. ವಾಸನೆ ಇಲ್ಲದ್ದು ಎಂಬ ಈ ಹೆಸರು ಮೊದಲು ಕಮೋಡಿನದಲ್ಲ, ಅದಕ್ಕೆ ಜೋಡಿಸುವ ಸಾಧನದ್ದು. 1775ರಲ್ಲಿ ಸ್ಕಾಟ್ಲೆಂಡಿನ ಗಡಿಯಾರ ತಯಾರಕ ಅಲೆಕ್ಸಾಂಡರ್ ಕಮಿಂಗ್ ಬಾಗಿದ ಕೊಳವೆಯ ಶೌಚಸಾಧನಕ್ಕೆ ಪೇಟೆಂಟ್ ಪಡೆದಿದ್ದ. ಕೊಳವೆಯ ಬಾಗಿನಲ್ಲಿ ಸ್ವಲ್ಪ ನೀರು ಸದಾ ನಿಂತು, ಚರಂಡಿಯ ಗಾಳಿ ಒಳಗೆ ಬಾರದಂತೆ ತಡೆಯುತ್ತದೆ. ಇಷ್ಟೇ ತಂತ್ರ. ಇಂದಿಗೂ ನಮ್ಮೆಲ್ಲರ ಮನೆಯಲ್ಲಿರುವುದು ಅದೇ. ವಾಸನೆ ತಡೆಯುವ ಇಂಥ ಉಪಕರಣ ಎಂದೇ ಸ್ಪ್ಯಾನಿಷ್ ಅಕಾಡೆಮಿಯ ನಿಘಂಟು ಇನೊದೊರೊಗೆ ಬಹುಕಾಲ ಅರ್ಥ ಕೊಡುತ್ತಿತ್ತು.

ವಾಸನೆಗೆ ಅಷ್ಟೊಂದು ಮಹತ್ವ ಏಕೆ? ಕೆಟ್ಟ ಗಾಳಿಯೇ ರೋಗ ತರುತ್ತದೆ ಎಂದು ಆಗಿನ ವೈದ್ಯರು ನಂಬಿದ್ದರು. 1871ರಲ್ಲಿ ಬ್ಯೂನಸ್ ಐರಿಸ್‌ನಲ್ಲಿ ಹಳದಿ ಜ್ವರ ಹಬ್ಬಿ, ಅಂದಾಜು 14,000 ಜನ ಸತ್ತರು. ಹೊಲಸು ವಾಸನೆಯೇ ಕಾರಣವೆಂದು ಊರು ತೀರ್ಮಾನಿಸಿತು. ನಿಜವಾದ ಅಪರಾಧಿ ಸೊಳ್ಳೆ. ಕ್ಯೂಬಾದ ವೈದ್ಯ ಕಾರ್ಲೊಸ್ ಫಿನ್ಲೇ ಅದನ್ನು ಹೇಳಿದ್ದು 1881ರಲ್ಲಿ. ಆದರೆ ತಪ್ಪು ಕಾರಣ ಹಿಡಿದು ಹೊರಟ ಊರು ಒಳ್ಳೆಯ ಕೆಲಸವನ್ನೇ ಮಾಡಿತು, ಕೊಳವೆ ಮತ್ತು ಚರಂಡಿಗಳಿಗೆ ಹಣ ಸುರಿಯಿತು. 1894ರಲ್ಲಿ ಅಲ್ಲಿ ಉದ್ಘಾಟನೆಯಾದ ನೀರಿನ ಅರಮನೆಯನ್ನು ಹೊರಗಿನಿಂದ ನೋಡಿದರೆ ಯಾವುದೋ ಯುರೋಪಿನ ರಾಜನ ಮಹಲು ಎನ್ನಬೇಕು. ಗೋಡೆಯ ಮೇಲೆಲ್ಲ ಇಂಗ್ಲೆಂಡಿನಿಂದ ತರಿಸಿದ ಮೆರುಗಿನ ಬಿಲ್ಲೆಗಳು. ಒಳಗೆ ಹನ್ನೆರಡು ಕಬ್ಬಿಣದ ತೊಟ್ಟಿಗಳು, 7.2 ಕೋಟಿ ಲೀಟರ್ ನೀರು ಹಿಡಿಯುವಂಥವು. ಈಗ ಅಲ್ಲೊಂದು ವಸ್ತುಸಂಗ್ರಹಾಲಯವಿದೆ, ಹಳೆಯ ಇನೊದೊರೊಗಳನ್ನು ಸಾಲಾಗಿ ಇಟ್ಟಿದ್ದಾರೆ.

ಪಟ್ಟಿಯಲ್ಲಿ ಉಳಿದದ್ದು 'ಬಾತೆರ್'. ಇಂಗ್ಲಿಷಿನ ವಾಟರ್ ಕ್ಲಾಸೆಟ್‌ನ ಅರ್ಧ ತುಂಡು ಅದು. ಮನೆಯ ಪದಗಳೆಲ್ಲ ಮಲಿನವಾದಾಗ ಪರದೇಶದ ಪದ ತರಿಸುವುದು ಸುಲಭದ ದಾರಿ. ಅರ್ಥವಾಗದ ಪದಕ್ಕೆ ನಾಚಿಕೆ ಅಂಟಲು ಹೊತ್ತು ಹಿಡಿಯುತ್ತದೆ. ನಮ್ಮ 'ಕಕ್ಕಸು' ಇದಕ್ಕೆ ಒಳ್ಳೆಯ ಜೊತೆ. ಡಚ್ಚರ 'ಕಾಕ್‌ಹೌಸ್' ನಮ್ಮ ಭಾಷೆಗಳಿಗೆ ಬಂದು ಕಕ್ಕಸು ಆಯಿತು. ಡಚ್ಚಿನಲ್ಲಿ ಅದು ಮುಚ್ಚುಮರೆಯಿಲ್ಲದ ಒರಟು ಪದ. ನಮ್ಮಲ್ಲಿ ಕೆಲಕಾಲ ಚಲಾವಣೆಯಲ್ಲಿದ್ದು, ಮಾಸಿ, ಶೌಚಾಲಯಕ್ಕೆ ಜಾಗ ಬಿಟ್ಟಿತು. ಶೌಚಾಲಯವೂ ಮಾಸಿ ಟಾಯ್ಲೆಟ್, ಅದೂ ಮಾಸಿ ವಾಷ್‌ರೂಮ್ ಬಂದಿದೆ. ಸ್ಪ್ಯಾನಿಷರಿಗೂ ನಮಗೂ ಇಲ್ಲಿ ದೂರದ ನೆಂಟಸ್ತಿಕೆ ಕೂಡ ಇದೆ. ಕರಾವಳಿಯವರ ಬಚ್ಚಲಿನ 'ಬಾಲ್ದಿ', 'ತುವಾಲು' ಎರಡೂ ಪೋರ್ಚುಗೀಸಿನಿಂದ ಬಂದವು. ಸೋದರಭಾಷೆ ಸ್ಪ್ಯಾನಿಷ್‌ನಲ್ಲಿ ಅವೇ 'ಬಾಲ್ದೆ', 'ತೊಆಯಾ'.

ಇಷ್ಟೆಲ್ಲ ಪದಗಳ ನಡುವೆ ಒಂದು ಪದ ಮಾತ್ರ ಬದಲಾಗಲೇ ಇಲ್ಲ. 'ಪೊಸೆರೊ'. ಗುಂಡಿಯೊಳಗೆ ಇಳಿಯುವವನು ಎಂದರ್ಥ. ಬಾವಿ ತೋಡುವವನನ್ನೂ ಮಲದ ಗುಂಡಿ, ಚರಂಡಿ ತೆಗೆಯುವವನನ್ನೂ ಸ್ಪೇನಿನಲ್ಲಿ ಹಾಗೇ ಕರೆಯುತ್ತಾರೆ. ಕುಳಿತೇಳುವವರ ನಾಚಿಕೆಗಾಗಿ ಕೋಣೆಗೆ ಹತ್ತು ಸಲ ನಾಮಕರಣವಾಯಿತು. ಲ್ಯಾಟಿನ್ ತಂದರು, ಇಂಗ್ಲಿಷ್ ತಂದರು, ರಾಜನ ಏಕಾಂತದ ಹೆಸರನ್ನೇ ಇಳಿಸಿ ತಂದರು. ಕೆಳಗೆ ಇಳಿಯುವವನಿಗೆ ಬೇರೆ ಹೆಸರು ಬೇಕು ಎಂದು ಯಾರಿಗೂ ತೋರಲಿಲ್ಲ. ನಾವು ನಮ್ಮಲ್ಲಿ ಜಾಡಮಾಲಿಯನ್ನು ಪೌರಕಾರ್ಮಿಕ ಎಂದು ಕರೆಯಲು ಕಲಿತೆವು, ಅದು ಒಳ್ಳೆಯದೇ. ಆದರೆ ಮ್ಯಾಡ್ರಿಡ್‌ನ ಚರಿತ್ರೆ ನೋಡಿದರೆ ಹೆಸರು ತೊಳೆದ ಮಾತ್ರಕ್ಕೆ ಬೀದಿ ಎಂದೂ ತೊಳೆದುಹೋಗಲಿಲ್ಲ. ಕಲ್ಲು ಹಾಸಬೇಕಾಯಿತು, ಕೊಳವೆ ಇಳಿಸಬೇಕಾಯಿತು, ನದಿಯ ನೀರು ತರಬೇಕಾಯಿತು.

ನನ್ನ ನೋಟ್‌ಬುಕ್ಕಿನ ಪಟ್ಟಿಯಲ್ಲಿ ಪೊಸೆರೊ ಬಹುಕಾಲ ಇರಲಿಲ್ಲ. ಅದು ಕೋಣೆಯ ಹೆಸರಲ್ಲವಲ್ಲ. ಈಗ ಎಲ್ಲಕ್ಕಿಂತ ಕೆಳಗೆ, ಅದು ಇರಬೇಕಾದ ಜಾಗದಲ್ಲೇ, ಬರೆದಿಟ್ಟಿದ್ದೇನೆ.